ದೊರೆಸಾನಿ ಪಿಟೀಲು

ಕುದೂರು, ಮಾಗಡಿ ತಾಲ್ಲೂಕು
೪ ಜೂನ್ ೧೯೨೬

ಚನ್ನಪಟ್ಟಣದಲ್ಲಿ ತಂತಿ ಕೆಲಸ ಮಾಡುವ ಸಮದ್ ಸಾಹೇಬರಿಗೆ,

ನಮ್ಮಿಬ್ಬರಿಗೆ ಪರಿಚಯವಿಲ್ಲ. ವಾದ್ಯಕ್ಕೆ ಉಕ್ಕಿನ ತಂತಿ ಬೇಕಾದರೆ ನಿಮ್ಮ ಮನೆಯದೇ ಸರಿ ಎಂದು ಮಾಗಡಿಯಲ್ಲಿ ವೀಣೆ ಇಟ್ಟುಕೊಂಡಿರುವ ಸ್ನೇಹಿತರೊಬ್ಬರು ವಿಳಾಸ ಕೊಟ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂವತ್ತೈದು ವರ್ಷ ಶಾಲೆಗಳಲ್ಲಿ ಪಾಠ ಹೇಳಿದವನು. ನಿಮ್ಮೂರಿನಲ್ಲೂ ಆರು ವರ್ಷ ಇದ್ದೆ. ಕಳೆದ ವರ್ಷ ಕನಕಪುರದಲ್ಲಿ ಪೆನ್ಷನ್ ಪಡೆದು ಸ್ವಂತ ಊರಿಗೆ ಬಂದೆ. ಕನಕಪುರದಲ್ಲಿ ಕಾಡಿನ ಸರ್ವೆಗೆ ಬಂದಿದ್ದ ಒಬ್ಬ ದೊರೆಯ ಹೆಂಡತಿಗೆ ಎರಡು ವರ್ಷ ಕನ್ನಡ ಹೇಳಿಕೊಟ್ಟಿದ್ದೆ. ಆಕೆ ಸೀಮೆಗೆ ಹೊರಡುವಾಗ ಗುರುದಕ್ಷಿಣೆಯೆಂದು ತನ್ನ ಗಿಟಾರನ್ನು ನನ್ನ ಕೈಗಿಟ್ಟು ಹೋದಳು. ಗಿಟಾರೆಂದರೆ ನಡು ಸಣ್ಣಗಿರುವ ಮರದ ಪೆಟ್ಟಿಗೆ, ಉದ್ದನೆಯ ಕತ್ತು, ಆರು ತಂತಿ, ವೀಣೆಗಿರುವಂಥ ಮೆಟ್ಟುಗಳು, ತಂತಿಯ ಕಿವಿ ಹಿಂಡಲು ಬಿರಡೆಗಳು. ನಮ್ಮ ಊರಿನವರು ಇದಕ್ಕೆ ದೊರೆಸಾನಿ ಪಿಟೀಲು ಎಂದು ಹೆಸರಿಟ್ಟಿದ್ದಾರೆ.

ಈ ವಯಸ್ಸಿನಲ್ಲಿ ಇದೇಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಆಗಲೇ ಕೇಳಿದ್ದಾಳೆ. ಪೆನ್ಷನ್ ಆದಾಗಿನಿಂದ ಬೆಳಗ್ಗೆ ಹತ್ತು ಗಂಟೆಯಾದರೆ ನನಗೆ ಕೈಕಾಲು ಆಡುವುದಿಲ್ಲ. ಗಂಟೆ ಬಾರಿಸುವವರಿಲ್ಲ, ನನ್ನನ್ನು ಕಂಡು ಎದ್ದು ನಿಲ್ಲುವವರಿಲ್ಲ. ಜಗಲಿಯ ಮೇಲೆ ಕುಳಿತು ದಾರಿಹೋಕರ ತಪ್ಪು ಎಣಿಸುವುದಕ್ಕಿಂತ ಒಂದು ವಿದ್ಯೆ ಕಲಿಯುವುದು ಮೇಲೆಂದು ತೀರ್ಮಾನಿಸಿದ್ದೇನೆ. ವಿದ್ಯೆ ಎಂದರೆ ಶಿಸ್ತು. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಮೂರು ತಿಂಗಳಲ್ಲಿ ಕಲಿತು ಮುಗಿಸುವ ಅಂದಾಜು.

ಅಡಚಣೆ ಒಂದೇ. ಹದಿನೈದು ದಿನಗಳಲ್ಲಿ ನಾಲ್ಕು ತಂತಿ ಹರಿದವು. ಹರಿದ ತುಂಡುಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಇದೇ ದಪ್ಪದವನ್ನು ವಿ.ಪಿ. ಮೂಲಕ ಕಳುಹಿಸಿ, ಅಂಚೆಯಲ್ಲಿ ಹಣ ಕಟ್ಟಿ ಬಿಡಿಸಿಕೊಳ್ಳುತ್ತೇನೆ. ಗಟ್ಟಿಯಾಗಿರಲಿ.

ಬೋರಲಿಂಗಯ್ಯ
ನಿವೃತ್ತ ಹೆಡ್‌ಮಾಸ್ತರು


ಚನ್ನಪಟ್ಟಣ
೧೭ ಜೂನ್ ೧೯೨೬

ಮೇಷ್ಟ್ರಿಗೆ ಸಮದ್‌ನ ಸಲಾಂ.

ಕಾಗದ ಬಂತು, ತುಂಡುಗಳೂ ಬಂದವು. ನಾನು ನುಡಿಸುವವನಲ್ಲ. ತಾತನ ಕಾಲದಿಂದ ನಮ್ಮದು ಎಳೆಯುವ ಕೈ. ಉಕ್ಕಿನ ಕಡ್ಡಿಯನ್ನು ತೂತುಗಳಿರುವ ಪಟ್ಟಿಯಲ್ಲಿ ತೂರಿಸಿ, ದೊಡ್ಡ ತೂತಿನಿಂದ ಸಣ್ಣದಕ್ಕೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ ಎಳೆದೆಳೆದು ಕೂದಲಿನಷ್ಟು ಮಾಡುತ್ತೇವೆ. ಆದರೆ ಹರಿದ ತಂತಿಯನ್ನು ನೋಡಿದರೆ ನುಡಿಸಿದವರು ಏನು ಮಾಡಿದರೆಂದು ನಮಗೆ ತಿಳಿಯುತ್ತದೆ. ಮೈಸೂರಿನ ವಿದ್ವಾಂಸರೂ ಹರಿದದ್ದನ್ನು ಕಳುಹಿಸಿ, "ಏನಾಗಿದೆ ನೋಡಿ ಸಾಹೇಬರೇ" ಎಂದು ಕೇಳುವುದುಂಟು.

ನಿಮ್ಮ ನಾಲ್ಕೂ ತುಂಡು ಬಿರಡೆಯ ಬುಡದಲ್ಲೇ ಹರಿದಿವೆ. ಅಂದರೆ ಅವು ನುಡಿಸುವಾಗ ಹರಿದದ್ದಲ್ಲ, ಬಿಗಿಯುವಾಗ ಹರಿದದ್ದು. ಹುಲ್ಲಿನ ಗಾಡಿಗೆ ಹಗ್ಗ ಬಿಗಿಯುವ ಹಾಗೆ ಬಿಗಿದಿದ್ದೀರಿ. ಇನ್ನೊಂದು ವಿಷಯ. ನಾಲ್ಕರಲ್ಲಿ ಎರಡು ಉಕ್ಕಿನವೇ ಅಲ್ಲ, ಕುರಿಯ ಕರುಳಿನವು. ಸೀಮೆಯವರು ಹಾಗೆ ಮಾಡುತ್ತಾರಂತೆ. ನನಗೆ ಗೊತ್ತಿರುವುದು ಉಕ್ಕು, ಅದನ್ನೇ ಕಳುಹಿಸಿದ್ದೇನೆ. ಉಕ್ಕು ಕರುಳಿಗಿಂತ ಬಲವಾಗಿ ಎಳೆಯುತ್ತದೆ. ದಯವಿಟ್ಟು ಸಡಿಲವಾಗಿಯೇ ಇಡಿ.

ತಮ್ಮ ಹೆಸರು ನನಗೆ ಹೊಸದಲ್ಲ. ಆ ಮಾತನ್ನು ಇನ್ನೊಮ್ಮೆ ಬರೆಯುತ್ತೇನೆ.

ಸಮದ್


ಕುದೂರು
೯ ಜುಲೈ ೧೯೨೬

ಸಮದ್ ಸಾಹೇಬರಿಗೆ,

ನಿಮ್ಮ ತಂತಿಯ ಗಟ್ಟಿತನದ ಬಗ್ಗೆ ಎರಡು ಮಾತಿಲ್ಲ. ತಂತಿ ಹರಿಯಲಿಲ್ಲ, ಗಿಟಾರೇ ಕಿತ್ತುಬಂತು.

ಆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಆರು ತಂತಿ ಆರು ದನಿಯಲ್ಲಿ ಅರಚುವುದು ನನಗೆ ಸರಿಬರಲಿಲ್ಲ. ತರಗತಿಯಲ್ಲಿ ಮಗ್ಗಿ ಹೇಳಿಸುವಾಗ ಅರವತ್ತು ಮಕ್ಕಳೂ ಒಂದೇ ದನಿಯಲ್ಲಿ ಹೇಳಬೇಕು ಎನ್ನುವುದು ನನ್ನ ಕ್ರಮ. ಆ ಕ್ರಮದಂತೆ ಅತಿ ಸಣ್ಣ ತಂತಿಯನ್ನು ಮುಂದಾಳು ಮಾಡಿಕೊಂಡು, ಉಳಿದ ಐದನ್ನೂ ಅದರ ಎತ್ತರಕ್ಕೇ ಏರಿಸಹೊರಟೆ. ಐದನೆಯದಕ್ಕೆ ಬರುವಷ್ಟರಲ್ಲಿ ಪಟಾಕಿ ಹೊಡೆದಂತೆ ಸದ್ದಾಗಿ, ತಂತಿಗಳನ್ನು ಹೊತ್ತಿದ್ದ ಮರದ ಪಟ್ಟಿ, ಅಂದರೆ ಕುದುರೆ, ಬುಡಸಮೇತ ಎದ್ದು ಅಡುಗೆಮನೆಗೆ ಹಾರಿತು. ನನ್ನ ಹೆಂಡತಿ ಹನುಮಂತಮ್ಮ ಮುದ್ದೆ ತೊಳಸುತ್ತಿದ್ದಳು. ಅವಳ ಕಾಲಬುಡದಲ್ಲೇ ಬಿತ್ತು.

"ಐಕ್ಳಿಗೆ ಹೊಡ್ದಿದ್ದು ಸಾಲ್ದು ಅಂತ ಈಗ ಮರದ್ ಮೇಲೂ ಕೈ ಮಾಡುದ್ರಾ? ಅದು ತಿರುಗ್ಸಿ ಒದ್ದೇಬುಡ್ತು ನೋಡಿ" ಎಂದಳು. ಕರುಳಿನ ತಂತಿಯ ವಿಷಯವನ್ನೂ ನಾನು ಬಾಯಿತಪ್ಪಿ ಹೇಳಿಬಿಟ್ಟಿದ್ದರಿಂದ ಗಿಟಾರು ಈಗ ದೇವರ ಗೂಡಿರುವ ಕಡೆ ಸುಳಿಯುವಂತಿಲ್ಲ.

ಕ್ಲೋಸ್‌ಪೇಟೆಗೆ ರೇಷ್ಮೆಗೂಡು ಒಯ್ಯುವ ಗಾಡಿಯವನ ಕೈಯಲ್ಲಿ ಕೊಟ್ಟು, ಅಲ್ಲಿಂದ ರೈಲಿನಲ್ಲಿ ನಿಮಗೆ ತಲುಪುವಂತೆ ಮಾಡಿದ್ದೇನೆ. ರಿಪೇರಿ ಸಾಧ್ಯವೇ ನೋಡಿ. ಮೂರು ತಿಂಗಳ ಅಂದಾಜನ್ನು ಆರಕ್ಕೆ ತಿದ್ದಿದ್ದೇನೆ.

ಬೋರಲಿಂಗಯ್ಯ
ನಿವೃತ್ತ ಹೆಡ್‌ಮಾಸ್ತರು


ಚನ್ನಪಟ್ಟಣ
೨೧ ಆಗಸ್ಟ್ ೧೯೨೬

ಮೇಷ್ಟ್ರಿಗೆ ಸಲಾಂ.

ಗಿಟಾರು ಸರಿಯಾಗಿದೆ, ಇದೇ ರೈಲಿನಲ್ಲಿ ಬರುತ್ತಿದೆ. ನಮ್ಮ ಪಕ್ಕದ ಮನೆಯ ಗಫಾರ್ ಬೊಂಬೆ ಕಡೆಯುವವನು. ಅವನು ಹಾಲೆ ಮರದ ಹೊಸ ಕುದುರೆ ಮಾಡಿ, ಸರೇಸು ಅಂಟಿನಲ್ಲಿ ಕೂರಿಸಿ, ಎರಡು ಮರದ ಮೊಳೆ ಹೊಡೆದಿದ್ದಾನೆ. ಇನ್ನು ಹಾರುವುದಿಲ್ಲ. ಕೆಂಪು ಅರಗು ಹಚ್ಚಿದ್ದು ನಾನು ಹೇಳಿದ್ದಲ್ಲ. ಬಣ್ಣ ಹಚ್ಚದೆ ಯಾವುದನ್ನೂ ಕೈಬಿಡುವ ಅಭ್ಯಾಸ ಅವನಿಗಿಲ್ಲ.

ಮೇಷ್ಟ್ರೇ, ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ದಪ್ಪ ತಂತಿಯನ್ನು ನಾನು ದಪ್ಪವಾಗಿ ಎಳೆದಿರುವುದೇ ಅದು ಕೆಳಗಿನ ದನಿಯಲ್ಲಿ ಮಾತಾಡಲಿ ಎಂದು. ಅದನ್ನು ಸಣ್ಣದರ ಎತ್ತರಕ್ಕೆ ಎಳೆದರೆ ಅದಾದರೂ ಹರಿಯಬೇಕು, ಮರವಾದರೂ ಕಿತ್ತುಬರಬೇಕು. ಆರೂ ಅದದರ ಜಾಗದಲ್ಲಿರಲಿ.

ಇನ್ನು ಕಲಿಯುವ ವಿಷಯ. ನಾಲ್ಕು ಗಂಟೆ ಬೇಡ. ಒಂದು ಸಲ ಎಲೆಯಡಿಕೆ ಹಾಕಿ ಜಗಿದು ಮುಗಿಸುವಷ್ಟು ಹೊತ್ತು ಸಾಕು, ಆದರೆ ದಿನವೂ. ಒಂದು ತಿಂಗಳು ಒಂದೇ ತಂತಿ. ಇನ್ನೂ ಒಂದು ಸಲ ಮಾಡೋಣ ಎಂದು ಆಸೆಯಿರುವಾಗಲೇ ಕೆಳಗಿಡಿ. ನಾಳೆ ತಾನಾಗಿ ಕೈ ಹೋಗುತ್ತದೆ. ನುಡಿಸದವನಿಗೆ ಇದೆಲ್ಲ ಹೇಗೆ ಗೊತ್ತು ಎನ್ನುತ್ತೀರಿ. ನಾನು ಅಕ್ಷರ ಕಲಿತದ್ದು ಹೀಗೆ, ಮೂವತ್ತನೆಯ ವಯಸ್ಸಿನಲ್ಲಿ.

ಸಮದ್


ಕುದೂರು
೩೦ ಅಕ್ಟೋಬರ್ ೧೯೨೬

ಸಮದ್ ಸಾಹೇಬರಿಗೆ,

ಕೆಂಪು ಕುದುರೆಯನ್ನು ಊರೆಲ್ಲ ಬಂದು ನೋಡಿಕೊಂಡು ಹೋಯಿತು. ಗಫಾರರಿಗೆ ನನ್ನ ವಂದನೆ ತಿಳಿಸಿ.

ನಿಮ್ಮ ಮಾತಿನಂತೆ ಒಂದೇ ತಂತಿಯಲ್ಲಿ ಎರಡು ತಿಂಗಳಿನಿಂದ ತಡಕಾಡುತ್ತಿದ್ದೇನೆ. ಹನುಮಂತಮ್ಮ ರಾಗಿ ಬೀಸುವಾಗ ಗುನುಗುವ ಪದವೊಂದಿದೆ, ನಾಲ್ಕು ಸಾಲಿನದು. ಅವಳ ತಾಯಿ ತಿಪ್ಪಸಂದ್ರದಲ್ಲಿ ಹಾಡುತ್ತಿದ್ದುದಂತೆ. ಮದುವೆಯಾದಾಗಿನಿಂದ ಅದು ನನ್ನ ಕಿವಿಗೆ ಬೀಳುತ್ತಿದೆ, ಇದೇ ಮೊದಲು ಕೇಳಿಸಿಕೊಂಡದ್ದು. ಅದನ್ನು ತಂತಿಯ ಮೇಲೆ ತರಬೇಕೆಂದು ಆಸೆ. ಮೊದಲ ಸಾಲು ನುಡಿಸಿ ತೋರಿಸಿದೆ. "ಇದ್ಯಾವ ಪದ? ಎಮ್ಮೆ ಕರೀನ ಕರ್ದಂಗೈತೆ" ಎಂದಳು.

ಬೆರಳ ತುದಿಗಳು ಬೊಬ್ಬೆ ಬಂದು ಒಡೆದು ಗಟ್ಟಿಯಾಗಿವೆ. ಅದು ದೊಡ್ಡದಲ್ಲ. ನನ್ನನ್ನು ಹಿಂಡುತ್ತಿರುವುದು ಬೇರೆ. ಬೆರಳು ತಪ್ಪಿದಾಗಲೆಲ್ಲ ನನ್ನ ಬಾಯಿಂದ ಒಂದು ಮಾತು ತಾನಾಗಿ ಬರುತ್ತದೆ: "ನಿನ್ನ ತಲೆಗೆ ವಿದ್ಯೆ ಹತ್ತೋದಿಲ್ಲ, ಹೋಗಿ ನಿಮ್ಮಪ್ಪನ ಕೆಲಸ ನೋಡ್ಕೋ." ಕಲಿಯದ ಹುಡುಗರಿಗೆ ನಾನು ಹೇಳುತ್ತಿದ್ದ ಮಾತು. ಈಗ ದಿನಕ್ಕೆ ಇಪ್ಪತ್ತು ಸಲ ನನಗೇ ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಂಡ ಮೇಲೆ ಬೆರಳು ಇನ್ನಷ್ಟು ತಪ್ಪುತ್ತದೆ.

ಆದ್ದರಿಂದ ನಿಮ್ಮನ್ನು ನೇರವಾಗಿ ಕೇಳುತ್ತೇನೆ. ಎರಡು ತಿಂಗಳು ನುಡಿಸಿದ ತಂತಿಯನ್ನು ಬಿಚ್ಚಿ ಇದರೊಡನೆ ಕಳುಹಿಸಿದ್ದೇನೆ. ನೋಡಿ ಹೇಳಿ, ನನಗೆ ಈ ವಿದ್ಯೆ ಹತ್ತುತ್ತದೆಯೋ ಇಲ್ಲವೋ? ಇಲ್ಲವೆಂದರೆ ಬೇಸರವಿಲ್ಲ, ಗೂಟಕ್ಕೆ ತಗುಲಿಹಾಕುತ್ತೇನೆ.

ಬೋರಲಿಂಗಯ್ಯ


ಚನ್ನಪಟ್ಟಣ
೧೪ ನವೆಂಬರ್ ೧೯೨೬

ಮೇಷ್ಟ್ರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಜೂನ್ ತಿಂಗಳಲ್ಲಿ ಮುಂದಕ್ಕೆ ಹಾಕಿದ ಮಾತನ್ನು ಇಂದು ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ.

"ನಿನ್ನ ತಲೆಗೆ ವಿದ್ಯೆ ಹತ್ತೋದಿಲ್ಲ" ಎಂದು ನೀವು ನನಗೂ ಹೇಳಿದ್ದಿರಿ, ೧೯೦೧ರಲ್ಲಿ. ನನಗಾಗ ಹನ್ನೊಂದು ವರ್ಷ. ಗಿರಾಕಿಗಳೆಲ್ಲ ಕನ್ನಡದಲ್ಲಿ ಬರೆಯುತ್ತಾರೆ, ನನ್ನ ಮಗ ಅದನ್ನು ಓದಲಿ ಎಂದು ನಮ್ಮ ಅಬ್ಬಾ ಶರೀಫರು ನನ್ನನ್ನು ನಿಮ್ಮ ಶಾಲೆಗೆ ಹಾಕಿದ್ದರು. ಮನೆಯಲ್ಲಿ ನಮ್ಮದು ಬೇರೆ ಮಾತು, ಒತ್ತಕ್ಷರ ನನಗೆ ಬೇಗ ಹಿಡಿಯಲಿಲ್ಲ. ಒಂದು ದಿನ ನೀವು ಅಬ್ಬಾರನ್ನು ಕರೆಸಿ, ಎಲ್ಲ ಹುಡುಗರ ಎದುರಿಗೆ ಆ ಮಾತು ಹೇಳಿದಿರಿ. ಅಬ್ಬಾ ನಿಮಗೆ ಸಲಾಂ ಮಾಡಿ ನನ್ನ ಕೈ ಹಿಡಿದುಕೊಂಡು ಬಂದುಬಿಟ್ಟರು. ಮರುದಿನ ತಂತಿಯ ತುದಿ ನನ್ನ ಕೈಗೆ ಕೊಟ್ಟರು.

ಅಬ್ಬಾ ತೀರಿಕೊಂಡ ಮೇಲೆ ಗಿರಾಕಿಗಳ ಕಾರ್ಡುಗಳನ್ನು ಅಂಚೆಯ ಮುನಿಶಾಮಯ್ಯ ಓದಿ ಹೇಳುತ್ತಿದ್ದರು. ಒಂದು ದಿನ, "ಎಷ್ಟ್ ದಿಸ ಅಂತ ನಾನೇ ಓದ್ಲಿ? ಕೂತ್ಕಳಿ ಸಾಯಬ್ರೇ, ದಿನಕ್ಕೊಂದಕ್ಷರ" ಎಂದು ನಮ್ಮ ಜಗಲಿಯಲ್ಲೇ ಕುಳಿತರು. ದಿನಕ್ಕೊಂದು. ಎಲೆಯಡಿಕೆ ಮುಗಿಯುವಷ್ಟು ಹೊತ್ತು. ಎಂಟು ತಿಂಗಳಿಗೆ ಮೊದಲ ಕಾರ್ಡನ್ನು ನಾನೇ ಓದಿದೆ. ಓದಿ, ಒಳಗೆ ಹೋಗಿ ಅತ್ತೆ.

ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ನಿಮ್ಮ ಹೆಸರಿನ ಕಾಗದ ಬಂದ ದಿನ ತಂತಿ ಕಳುಹಿಸಬಾರದೆಂದೇ ಇದ್ದೆ. ಹರಿದ ತುಂಡುಗಳನ್ನು ನೋಡಿ ಮನಸ್ಸು ತಡೆಯಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಾರೆ. ಹತ್ತುತ್ತದೋ ಇಲ್ಲವೋ ಎಂದು ಇನ್ನೊಬ್ಬರ ಬಗ್ಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ತಂತಿಯಲ್ಲಿ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಮೂರನೆಯ ಮೆಟ್ಟಿನ ಹತ್ತಿರ ಮಾತ್ರ ಸವೆದಿದೆ. ಒಂದೇ ಕಡೆ ನಿಂತು ತಪ್ಪನ್ನೇ ಉಜ್ಜುತ್ತಿದ್ದೀರಿ. ತಪ್ಪಾದರೆ ಆಗಲಿ, ಮುಂದಕ್ಕೆ ಹೋಗಿ.

ಹೊಸ ತಂತಿ ಇಟ್ಟಿದ್ದೇನೆ.

ಸಮದ್


ಚನ್ನಪಟ್ಟಣ
೨೦ ಜನವರಿ ೧೯೨೭

ಮೇಷ್ಟ್ರಿಗೆ ಸಲಾಂ.

ಎರಡು ತಿಂಗಳಿನಿಂದ ನಿಮ್ಮ ಕಾಗದವಿಲ್ಲ. ಮುನಿಶಾಮಯ್ಯನವರು ಬೀದಿಯ ತುದಿಯಿಂದಲೇ ಕೈ ಅಲ್ಲಾಡಿಸಿ "ಇಲ್ಲ" ಎಂದು ಹೋಗುತ್ತಾರೆ. ನನ್ನ ಮಾತು ಹೆಚ್ಚಾಯಿತು, ಮುದುಕರಿಗೆ ಹಾಗೆ ಬರೆಯಬಾರದಿತ್ತು ಎಂದು ನನ್ನ ಹೆಂಡತಿ ಜೈನಬ್ ಬೈಯುತ್ತಿದ್ದಾಳೆ. ಬರೆದದ್ದು ಸುಳ್ಳಲ್ಲ, ಆದ್ದರಿಂದ ಹಿಂದಕ್ಕೆ ತೆಗೆದುಕೊಳ್ಳಲಾರೆ. ಆದರೆ ನೀವು ನುಡಿಸುವುದನ್ನು ನಿಲ್ಲಿಸಬೇಕೆಂದು ನಾನು ಬರೆದದ್ದಲ್ಲ. ಒಂದು ಸಾಲಾದರೂ ಬರೆಯಿರಿ.

ಸಮದ್


ಕುದೂರು
೩ ಫೆಬ್ರವರಿ ೧೯೨೭

(ಕುದೂರು ಅಂಚೆಯ ಪುಟ್ಟಸ್ವಾಮಿ ಬರೆದುಕೊಂಡದ್ದು. ತಾವು ಆಡಿದ ಮಾತಿನಲ್ಲಿ ಒಂದನ್ನೂ ತಿದ್ದಬಾರದೆಂದು ಅಮ್ಮನವರ ಕಟ್ಟಪ್ಪಣೆ.)

ಸಾಯಬ್ರೇ, ನಾನು ಹನುಮಂತಮ್ಮ, ಮೇಷ್ಟ್ರ ಮನೆಯೋಳು. ನಿಮ್ಮ ಕಾಗ್ದ ಬಂದ ದಿಸ್ದಿಂದ ಅವ್ರು ಆ ಪಿಟೀಲ್ನ ಗೂಟಕ್ಕೆ ತಗಲಾಕ್ಬುಟ್ಟವ್ರೆ. ಉಂಡ್ರೆ ಉಂಡ್ರು, ಇಲ್ದಿದ್ರೆ ಇಲ್ಲ. ಏನಾಯ್ತು ಅಂದ್ರೆ ಬಾಯ್ ಬುಡಾಕಿಲ್ಲ. ಸಂಕ್ರಾಂತಿ ದಿಸ ಎಳ್ಳು ಕೈಗ್ ಕೊಟ್ಟು, ಹೇಳ್ದಿದ್ರೆ ನಾನು ತಿಪ್ಪಸಂದ್ರಕ್ಕೆ ನಮ್ಮಣ್ಣನ್ ಮನೆಗೆ ಹೊಂಟೋಯ್ತೀನಿ ಅಂದೆ. ಆಗ ಹೇಳುದ್ರು.

ನಿಮ್ಗೆ ಆ ಮಾತ್ ಅಂದ್ಬುಟ್ಟೆ ಅಂತ್ಲೇ ಅಲ್ಲ ಅವ್ರು ಕೊರಗ್ತಿರಾದು. ಅಂದಿದ್ದೇ ಅವ್ರಿಗೆ ನೆಪ್ಪಿಲ್ಲ. ನಿಮ್ ಮೊಕಾನೂ ನೆಪ್ಪಿಲ್ಲ. "ಒಂದು ಮಗೀನ್ ಬಾಳ್ನೇ ತಿರುಗ್ಸ್ಬುಟ್ಟಿವ್ನಿ, ನಂಗೆ ನೆಪ್ಪೇ ಇಲ್ವಲ್ಲೇ" ಅಂತ ಅತ್ತುಬುಟ್ರು. ಇಷ್ಟ್ ವರ್ಸದ ಸಂಸಾರದಾಗೆ ಅವ್ರು ಅತ್ತಿದ್ನ ನಾನ್ ಕಂಡಿರ್ನಿಲ್ಲ.

ಮರ್ತುಬುಡಿ ಅಂತ ನಾನ್ ಹೇಳಾಕಿಲ್ಲ. ಏಟ್ ತಿಂದೋರ್ಗೇ ಗೊತ್ತು ಅದ್ರ ಉರಿ. ಬಯ್ಯಂಗಿದ್ರೆ ಬಯ್ದೇ ಬರೀರಿ, ಆದ್ರೆ ಬರೀರಿ. ನಾನು ಎಮ್ಮೆ ಗಿಮ್ಮೆ ಅಂತ ಆಡ್ಕಂಡಿದ್ದು ದಿಟ. ಈಗ ರಾಗಿ ಬೀಸಾಕ್ ಕುಂತ್ರೆ ಹಿಂದ್ಗಡೆ ಆ ಕುಂಯ್ ಕುಂಯ್ ಇಲ್ದೆ ನಂಗೂ ಪದ ಬರಾಕಿಲ್ಲ.

ಇದ್ರೊಳ್ಗೆ ಒಂದು ತಂತಿ ಮಡಗಿವ್ನಿ. ಅವ್ರಿಗೆ ಕಾಣ್ದಂಗೆ ಪಿಟೀಲಿಂದ ಬಿಚ್ಕಂಡೆ. ತುಕ್ಕು ಹಿಡ್ದೈತೆ. ನೀವು ತಂತಿ ನೋಡಿ ಹೇಳ್ತೀರಂತಲ್ಲ, ಒಸಿ ನೋಡಿ ಹೇಳಿ.

ಹನುಮಂತಮ್ಮ (ಹೆಬ್ಬೆಟ್ಟಿನ ಗುರುತು)


ಚನ್ನಪಟ್ಟಣ
೧೨ ಫೆಬ್ರವರಿ ೧೯೨೭

ಮೇಷ್ಟ್ರೇ,

ಗಿಟಾರಿನಲ್ಲಿ ಒಂದು ತಂತಿ ಕಡಿಮೆಯಿದೆ, ಎಣಿಸಿ ನೋಡಿ. ಅದು ನನ್ನ ಹತ್ತಿರವಿದೆ. ಕಳ್ಳತನ ಮಾಡಿದವರು ನಿಮ್ಮ ಮನೆಯಲ್ಲೇ ಇದ್ದಾರೆ, ಅವರನ್ನು ಬೈಯಬೇಡಿ.

ತುಕ್ಕು ಮೇಲುಮೇಲಿನದು. ಎಣ್ಣೆ ಬಟ್ಟೆಯಲ್ಲಿ ಉಜ್ಜಿದೆ, ಹೋಯಿತು. ಅದರ ಅಡಿಯಲ್ಲಿ ಏನಿತ್ತು ಗೊತ್ತೇ? ನಾಲ್ಕು ಕಡೆ ಸವೆದ ಗುರುತು. ಮೂರನೆಯ ಮೆಟ್ಟು, ಐದನೆಯದು, ಏಳನೆಯದು, ಅದರಾಚೆಗೂ ಒಂ‍ದು. ದಪ್ಪ ನೋಡಿದರೆ ಇದು ಮೊದಲಿನಿಂದಲೂ ಪಕ್ಕದಲ್ಲಿದ್ದ ತಂತಿ, ನಾನು ಹೇಳಿದ ಒಂದೇ ತಂತಿ ಅಲ್ಲ. ಅಂದರೆ ನನ್ನ ಕಾಗದ ಬರುವ ಮೊದಲೇ ನೀವು ಎರಡನೆಯ ತಂತಿಗೆ ಕಾಲಿಟ್ಟು ಓಡಾಡುತ್ತಿದ್ದಿರಿ. ನನಗೆ ಹೇಳಲಿಲ್ಲ. ಬಹುಶಃ ನಿಮಗೇ ಗೊತ್ತಿರಲಿಲ್ಲ.

ನನ್ನ ನೆನಪಿಲ್ಲ ಎಂಬ ವಿಷಯ. ಓದಿದಾಗ ಮೊದಲು ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತಾದ ಮೇಲೆ ಜೈನಬ್ ಬೆಚ್ಚಿಬೀಳುವಷ್ಟು ಜೋರಾಗಿ ನಕ್ಕುಬಿಟ್ಟೆ. ಇಷ್ಟು ವರ್ಷ ನಾನು ಏನೆಂದುಕೊಂಡಿದ್ದೆ ಎಂದರೆ, ಮೇಷ್ಟ್ರು ನನ್ನೊಳಗೆ ಏನನ್ನೋ ನೋಡಿದ್ದಾರೆ, ತೂಗಿ ಅಳೆದು ಆ ಮಾತು ಹೇಳಿದ್ದಾರೆ ಎಂದು. ಓದುಬರಹ ಕಲಿತ ಮೇಲೂ ಆ ಭಯ ಹೋಗಿರಲಿಲ್ಲ. ನೀವು ನೋಡಿಯೇ ಇರಲಿಲ್ಲವಲ್ಲ ಮೇಷ್ಟ್ರೇ! ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದಿರಿ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ತಂತಿ ವಾಪಸು ಕಳುಹಿಸಿದ್ದೇನೆ. ನಾಳೆಯಿಂದ ನುಡಿಸಿ. ಇದು ಬೇಡಿಕೆಯಲ್ಲ, ಪಾಠ.

ಸಮದ್


ಕುದೂರು
೧೦ ಏಪ್ರಿಲ್ ೧೯೨೭

ಪ್ರಿಯ ಸಮದ್ ಸಾಹೇಬರೇ,

ತಪ್ಪಾಯಿತು.

ಇದಕ್ಕೆ ಮೊದಲು ಮೂರು ಕಾಗದ ಬರೆದು ಹರಿದುಹಾಕಿದೆ. ಮೂರರಲ್ಲೂ ಕಾರಣಗಳೇ ತುಂಬಿದ್ದವು. ಅರವತ್ತು ಮಕ್ಕಳು, ಇನ್‌ಸ್ಪೆಕ್ಟರರ ಭಯ, ಆ ಕಾಲದ ರೀತಿ. ಕಾರಣ ಹೇಳುವ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದ್ದರಿಂದ ಕಾರಣ ಬಿಟ್ಟು ತಪ್ಪೊಂದನ್ನೇ ಕಳುಹಿಸುತ್ತಿದ್ದೇನೆ. ನಿಮ್ಮ ಅಬ್ಬಾ ಅವರಿಗೂ ಹೇಳಬೇಕಿತ್ತು. ಅದು ಇನ್ನು ಆಗುವುದಿಲ್ಲ, ಅದು ನನ್ನೊಡನೆ ಇರಲಿ.

ಫೆಬ್ರವರಿ ಹದಿನೈದರಿಂದ ಮತ್ತೆ ನುಡಿಸುತ್ತಿದ್ದೇನೆ. ವೇಳಾಪಟ್ಟಿಯನ್ನು ಕಿತ್ತು ಹನುಮಂತಮ್ಮನಿಗೆ ಒಲೆ ಹೊತ್ತಿಸಲು ಕೊಟ್ಟೆ. ನನಗೆ ಎಲೆಯಡಿಕೆ ಹಾಕುವ ಅಭ್ಯಾಸ ಇರಲಿಲ್ಲ, ನಿಮ್ಮಿಂದ ಅದೂ ಹತ್ತಿತು. ಬಾಯಲ್ಲಿ ಎಲೆಯಡಿಕೆ ಇದ್ದರೆ ಒಂದು ಅನುಕೂಲವಿದೆ. ನನ್ನನ್ನು ನಾನೇ ಬೈದುಕೊಳ್ಳಲು ಆಗುವುದಿಲ್ಲ.

ಮೊನ್ನೆ ಒಂದು ಸಂಗತಿ ನಡೆಯಿತು. ಎರಡನೆಯ ಸಾಲಿನ ಕೊನೆಯಲ್ಲಿ ದನಿ ಸ್ವಲ್ಪ ಕೆಳಗೆ ಜಾರಿ ನಿಲ್ಲುತ್ತದೆ. ಅದು ತಿಂಗಳಿನಿಂದ ಕೈಗೆ ಸಿಗುತ್ತಿರಲಿಲ್ಲ. ಹುಡುಕುವುದನ್ನು ಬಿಟ್ಟು ಸುಮ್ಮನೆ ಮೀಟುತ್ತಾ ಹೊರಗಿನ ಹುಣಸೆ ಮರ ನೋಡುತ್ತಿದ್ದೆ. ಬೆರಳು ತಾನೇ ಅಲ್ಲಿಗೆ ಹೋಗಿ ನಿಂತಿತು. ನನಗೆ ನಂಬಿಕೆ ಬರದೆ ಮತ್ತೆ ಮೀಟಿದೆ, ಮತ್ತೆ ಬಂತು. ಹತ್ತು ಸಲ ಮೀಟಿ ಹತ್ತು ಸಲವೂ ನಕ್ಕೆ. ಒಳಗಿನಿಂದ ಬೀಸುವ ಸದ್ದು ನಿಂತಿತು. "ಈಗ ಒಸಿ ಬಂತು ಕಣಿ" ಎಂದಳು. ರಾವ್‌ಬಹದ್ದೂರ್ ಬಿರುದು ಬಂದಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಎಷ್ಟು ತಿಂಗಳಲ್ಲಿ ಮುಗಿಸುತ್ತೇನೆಂದು ಈಗ ಅಂದಾಜು ಹಾಕುತ್ತಿಲ್ಲ. ಮುಗಿಯದಿದ್ದರೇ ಒಳ್ಳೆಯದೆಂದು ಅನ್ನಿಸುತ್ತಿದೆ.

ಬೋರಲಿಂಗಯ್ಯ


ಚನ್ನಪಟ್ಟಣ
೨೮ ಜುಲೈ ೧೯೨೭

ಮೇಷ್ಟ್ರಿಗೆ ಸಮದ್ ಮತ್ತು ಜೈನಬ್‌ರ ಸಲಾಂ.

ಏಪ್ರಿಲ್ ಕಾಗದವನ್ನು ಮುನಿಶಾಮಯ್ಯನವರಿಗೆ ನಾನೇ ಓದಿ ಹೇಳಿದೆ. ಹಿಂದೆ ಅವರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಅವರು ಕೋಟಿನ ತೋಳಿನಲ್ಲಿ ಕಣ್ಣೊರಸಿಕೊಂಡು, "ದೂಳು ಸಾಯಬ್ರೇ" ಎಂದರು. ಅಂದು ಮಳೆ ಬರುತ್ತಿತ್ತು.

ಇಷ್ಟು ದಿನ ತಂತಿಗಳನ್ನೇ ನೋಡಿದೆ, ಅವು ಹಾಡಿದ್ದನ್ನು ಕೇಳಲಿಲ್ಲ. ನಮ್ಮ ಮನೆಯ ತಂತಿಗಳೆಲ್ಲ ಹೀಗೆ, ಊರು ಬಿಟ್ಟು ಹೋದ ಮೇಲೆ ಎಲ್ಲೋ ಹಾಡುತ್ತವೆ, ನಮ್ಮ ಕಿವಿಗೆ ಬೀಳುವುದಿಲ್ಲ. ಒಂದು ಸಲ ಬನ್ನಿ. ಅಮ್ಮನವರನ್ನೂ ಕರೆತನ್ನಿ. ಕ್ಲೋಸ್‌ಪೇಟೆಯಲ್ಲಿ ರೈಲು ಹತ್ತಿದರೆ ಎಲೆಯಡಿಕೆ ಮುಗಿಯುವಷ್ಟರಲ್ಲಿ ನಮ್ಮೂರು. ನಾಲ್ಕು ಸಾಲೂ ಬರಬೇಕೆಂದೇನಿಲ್ಲ. ಬಂದಷ್ಟೇ ಸಾಕು.

ಸಮದ್


ಕುದೂರು
೧೯ ಸೆಪ್ಟೆಂಬರ್ ೧೯೨೭

ಪ್ರಿಯ ಸಮದ್ ಸಾಹೇಬರೇ,

ಸುಖವಾಗಿ ಊರು ಸೇರಿದೆವು. ಗಫಾರರು ಕೊಟ್ಟ ಗಿಳಿ ಬೊಂಬೆಯನ್ನು ಹನುಮಂತಮ್ಮ ದೇವರ ಗೂಡಿನಲ್ಲಿಟ್ಟಿದ್ದಾಳೆ. ಗಿಟಾರಿಗೂ ಆ ಕಡೆ ಸುಳಿಯಲು ಅಪ್ಪಣೆಯಾಗಿದೆ.

ನಿಮಗೆ ಹೇಳದ ಒಂದು ವಿಷಯವಿದೆ. ರೈಲಿಳಿದವನು ನೇರವಾಗಿ ನಿಮ್ಮ ಮನೆಗೆ ಬರಲಿಲ್ಲ. ಹನುಮಂತಮ್ಮನನ್ನು ಸ್ಟೇಷನ್ನಿನಲ್ಲಿ ಕೂರಿಸಿ ಹಳೆಯ ಶಾಲೆಗೆ ಹೋದೆ. ಈಗಿನ ಹೆಡ್‌ಮಾಸ್ತರನ್ನು ಬೇಡಿಕೊಂಡು ೧೯೦೧ರ ದಾಖಲೆ ಪುಸ್ತಕ ತೆಗೆಸಿದೆ. ನನಗೆ ನೆನಪಿಲ್ಲದಿದ್ದರೇನು, ನನ್ನ ಕೈಬರಹಕ್ಕೆ ನೆನಪಿತ್ತು. ನಿಮ್ಮ ಹೆಸರು ಇತ್ತು, ಮುಂದೆ "ವಿದ್ಯೆ ಹತ್ತದ ಕಾರಣ ಬಿಡಿಸಿದೆ" ಎಂದು ಗುಂಡಗಿನ ಅಕ್ಷರ. ಅದೇ ವರ್ಷ ಇನ್ನೂ ಹತ್ತು ಹೆಸರಿನ ಮುಂದೆ ಅದೇ ಮಾತು. ಆ ಹತ್ತು ಮಂದಿಗೆ ಯಾವ ಮುನಿಶಾಮಯ್ಯ ಸಿಕ್ಕಿದರೋ, ಸಿಗಲಿಲ್ಲವೋ. ಹೆಸರುಗಳನ್ನು ಬರೆದುಕೊಂಡು ಬಂದಿದ್ದೇನೆ. ನಿಮ್ಮೂರಿನವರೇ ಇರಬೇಕು, ಒಬ್ಬೊಬ್ಬರನ್ನಾಗಿ ಹುಡುಕಲು ನನಗೆ ನಿಮ್ಮ ಸಹಾಯ ಬೇಕು.

ಆ ಪುಟವನ್ನು ನೋಡಿದ ಕಣ್ಣಿನಲ್ಲೇ ಹನುಮಂತಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬಂದು ಕುಳಿತೆ. ಮೊದಲೆರಡು ಸಾಲು ಹೇಗೋ ಆಯಿತು. ಮೂರನೆಯದರಲ್ಲಿ ಬೆರಳು ತಪ್ಪಿತು. ಮತ್ತೆ ಹಿಡಿದೆ, ಮತ್ತೆ ತಪ್ಪಿತು. ಎದುರಿಗೆ ನೀವು, ಗಫಾರರು, ಮುನಿಶಾಮಯ್ಯನವರು, ಬಾಗಿಲ ಹಿಂದೆ ಜೈನಬಮ್ಮ. ಕಿವಿ ಬಿಸಿಯಾಯಿತು, ಕಣ್ಣು ಕತ್ತಲಿಟ್ಟಿತು, ಎದ್ದು ಓಡಿಬಿಡೋಣ ಎನ್ನಿಸಿತು. ಹನ್ನೊಂದು ವರ್ಷದ ಹುಡುಗನಿಗೆ ಹೀಗೇ ಆಗಿರುತ್ತದೆ ಎಂದು ಆ ಕ್ಷಣ ಗೊತ್ತಾಯಿತು. ಆಗ ನನ್ನ ಬಾಯಿಗೆ ಆ ಹಳೆಯ ಮಾತು ಬಂದೇಬಿಟ್ಟಿತ್ತು.

ಅಷ್ಟರಲ್ಲಿ ನೀವು ಹೇಳಿದಿರಿ: "ಅವಸರ ಇಲ್ಲ ಮೇಷ್ಟ್ರೇ. ಇನ್ನೊಂದ್ಸಲ."

ಅಷ್ಟೇ. ನನ್ನ ಬೆರಳು ಸಡಿಲವಾಯಿತು. ಹನುಮಂತಮ್ಮ ಕುಳಿತಲ್ಲೇ ಕೈಯನ್ನು ಬೀಸುವ ಕಲ್ಲಿನ ಹಾಗೆ ತಿರುಗಿಸುತ್ತಾ ಸಣ್ಣಗೆ ಹಾಡಲು ಶುರುಮಾಡಿದಳು. ನಾನು ಅವಳ ಹಿಂದೆ ಹೋದೆ. ನಾಲ್ಕನೆಯ ಸಾಲು ಮುಗಿದು ನೀವೆಲ್ಲ ತಲೆದೂಗಿದಾಗ ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ, ಸಾವಿರಾರು ಮಕ್ಕಳು. "ಇನ್ನೊಂದ್ಸಲ" ಎಂದು ನಾನು ಒಬ್ಬನಿಗೂ ಹೇಳಲಿಲ್ಲ ಸಮದ್ ಸಾಹೇಬರೇ. ಎಷ್ಟು ಸಣ್ಣ ಮಾತು! ಅದನ್ನು ಕಲಿಯಲು ನನಗೆ ಗಿಟಾರೇ ಬೇಕಾಯಿತು.

ರೈಲಿನಲ್ಲಿ ಬರುವಾಗ ಯಾಕೋ ಹಗುರವೆನ್ನಿಸುತ್ತಿತ್ತು. ಕ್ಲೋಸ್‌ಪೇಟೆಯ ಬಂಡೆಗಳನ್ನು ನೋಡುತ್ತಾ ಹನುಮಂತಮ್ಮನ ತೊಡೆಯ ಮೇಲಿದ್ದ ಗಿಟಾರನ್ನು ಮೀಟುತ್ತಲೇ ಬಂದೆ. ಎದುರು ಕುಳಿತಿದ್ದ ಹೆಂಗಸು "ಯಾವೂರ ದಾಸಯ್ಯ?" ಎಂದು ಕೇಳಿದಳು. ಕುದೂರು ಎಂದೆ.

ಕೊನೆಗೊಂದು ಕೆಲಸದ ಮಾತು. ಮೊದಲನೆಯ ತಂತಿ ಒಂದು ಬೇಕು, ಬಿಡುವಾದಾಗ ಕಳುಹಿಸಿ. ಹಳೆಯದು ಹರಿದಿಲ್ಲ. ಸವೆದಿದೆ, ಅಷ್ಟೆ.

ಬೋರಲಿಂಗಯ್ಯ